ಮಂಗಳೂರು–ದುಬೈ ವಿಮಾನಯಾನ: ದೂರವೆಷ್ಟು, ಸಮಯವೆಷ್ಟು?

ಮಂಗಳೂರಿನಿಂದ ದುಬೈಗೆ ಆಕಾಶಮಾರ್ಗದ ನೇರ ದೂರ ಸುಮಾರು 2,460 ಕಿ.ಮೀ. ದೇಶದೊಳಗೇ ಇರುವ ಗುವಾಹಟಿಯೂ ಇಲ್ಲಿಂದ ಸುಮಾರು 2,280 ಕಿ.ಮೀ. ದೂರದಲ್ಲಿದೆ. ಕರಾವಳಿಯ ಜನ ದುಬೈಯನ್ನು ಪಕ್ಕದೂರೆಂಬಂತೆ ಮಾತನಾಡುವುದು ಅಷ್ಟೇನೂ ಉತ್ಪ್ರೇಕ್ಷೆಯಲ್ಲ. ತಡೆರಹಿತ ವಿಮಾನಕ್ಕೆ ಅರಬ್ಬಿ ಸಮುದ್ರ ದಾಟಿ ಅಲ್ಲಿಗೆ ತಲುಪಲು ಸುಮಾರು ಮೂರೂವರೆ ಗಂಟೆ ಸಾಕು.

ಆದರೆ ಗಡಿಯಾರದ ಲೆಕ್ಕವೇ ಬೇರೆ. ದುಬೈ ಸಮಯ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಇಲ್ಲಿಂದ ರಾತ್ರಿ 10ಕ್ಕೆ ಹೊರಟವರು ಅಲ್ಲಿನ ಮಧ್ಯರಾತ್ರಿಗೆ ಇಳಿಯುತ್ತಾರೆ. ಅಲ್ಲಿಂದ ರಾತ್ರಿ 10ಕ್ಕೆ ಹೊರಟವರು ಇಲ್ಲಿಗೆ ತಲುಪುವಾಗ ನಸುಕಿನ 3 ಗಂಟೆಯಾಗಿರುತ್ತದೆ. ಟಿಕೆಟ್‌ನಲ್ಲಿ ನಮೂದಾಗುವುದು ಆಯಾ ಊರಿನ ಸ್ಥಳೀಯ ಸಮಯ. ಕರೆದೊಯ್ಯಲು ಬರುವ ಮನೆಯವರು ತಾರೀಖು ತಪ್ಪುವುದು ಇಲ್ಲಿಯೇ. ಚಳಿಗಾಲದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹೋಗುವಾಗ ಎದುರಾಗಿ, ಬರುವಾಗ ನೆರವಾಗುವುದರಿಂದ ಮರುಪ್ರಯಾಣ ಕೆಲವು ನಿಮಿಷ ಬೇಗ ಮುಗಿಯುತ್ತದೆ.

ಈ ಮೂರೂವರೆ ಗಂಟೆ ಹಳೆಯದೇನಲ್ಲ. ಬಜ್ಪೆ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭಗೊಂಡಿತು. ಪ್ರಧಾನಿ ಜವಾಹರಲಾಲ್ ನೆಹರೂ ಅಂದು ಡಿಸಿ-3 ವಿಮಾನದಲ್ಲಿ ಬಂದಿಳಿದಿದ್ದರು. ಆದರೆ ಹಳೆಯ ರನ್‌ವೇ ಉದ್ದ ಕೇವಲ 1,615 ಮೀಟರ್. 2,450 ಮೀಟರ್ ಉದ್ದದ ಹೊಸ ರನ್‌ವೇ 2006ರಲ್ಲಿ ಸಿದ್ಧವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ಹಾರಾಟ ಆರಂಭಿಸಿತು. ಅಲ್ಲಿಯವರೆಗೆ ಗಲ್ಫ್‌ಗೆ ಹೊರಟವರಿಗೆ ಮುಂಬಯಿ ಅಥವಾ ಕೋಝಿಕ್ಕೋಡ್‌ ದಾರಿಯೇ ಗತಿ. ಬಸ್ಸಿನಲ್ಲಿ ಮುಂಬಯಿ ಸೇರಿ ವಿಮಾನ ಹತ್ತುವಷ್ಟರಲ್ಲಿ ಒಂದು ದಿನ ಕಳೆಯುತ್ತಿತ್ತು. ಊರಿನಲ್ಲಿ ಹೆತ್ತವರು ತೀರಿಕೊಂಡ ಸುದ್ದಿ ಬಂದರೆ ಮಗ ಬರುವ ಮೊದಲೇ ಅಂತ್ಯಕ್ರಿಯೆ ಮುಗಿದಿರುತ್ತಿತ್ತು. ನೇರ ವಿಮಾನದ ಬೇಡಿಕೆಯ ಹಿಂದೆ ಕೇವಲ ವ್ಯಾಪಾರದ ಲೆಕ್ಕವಿರಲಿಲ್ಲ.

ಇದೇ ಮಾರ್ಗ ಕರಾವಳಿಗೆ ಮರೆಯಲಾಗದ ದುಃಖವನ್ನೂ ಕೊಟ್ಟಿದೆ. 2010ರ ಮೇ 22ರಂದು ಬೆಳಿಗ್ಗೆ 6 ಗಂಟೆಯ ಸುಮಾರಿಗೆ ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಮರಿಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕುಳಿದವರು ಎಂಟು ಮಂದಿ ಮಾತ್ರ. ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿರುವ ಇಂತಹ ‘ಟೇಬಲ್‌ಟಾಪ್’ ರನ್‌ವೇಯಲ್ಲಿ, ನೆಲ ಮುಟ್ಟುವುದು ತುಸು ಮುಂದಕ್ಕೆ ಹೋದರೂ ಸಾವರಿಸಿಕೊಳ್ಳಲು ಅವಕಾಶ ಕಡಿಮೆ.

ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಾದಾಗ ವಿಮಾನಗಳನ್ನು ಬೆಂಗಳೂರು ಮತ್ತಿತರ ನಿಲ್ದಾಣಗಳಿಗೆ ತಿರುಗಿಸಲಾಗುತ್ತದೆ. ಮಂಗಳೂರಿನಲ್ಲಿ ಇಳಿಯಬೇಕಾದವರು ಆಗ ಗಂಟೆಗಟ್ಟಲೆ ಕಾಯಬೇಕು. ಹವಾಮಾನ ಸರಿಯಿದ್ದರೂ ಪ್ರಯಾಣಿಕರು ಹಾರಾಟದ ಅವಧಿಯನ್ನಷ್ಟೇ ನಂಬಿ ಹೊರಡುವಂತಿಲ್ಲ. ಉಡುಪಿಯಿಂದ ನಿಲ್ದಾಣಕ್ಕೆ ರಸ್ತೆಯಲ್ಲಿ ಸುಮಾರು ಒಂದೂವರೆ ಗಂಟೆ, ತಪಾಸಣೆಗಳಿಗಾಗಿ ಮೂರು ಗಂಟೆ ಮುಂಚಿತ ಹಾಜರಿ, ಇಳಿದ ಬಳಿಕ ವಲಸೆ ವಿಭಾಗದ ಸಾಲು ಮತ್ತು ಸಾಮಾನಿನ ಕಾಯುವಿಕೆ ಎಲ್ಲ ಸೇರಿದರೆ ಮನೆಯಿಂದ ದುಬೈ ನಿಲ್ದಾಣದ ಹೊರಬಾಗಿಲಿಗೆ ಒಂಬತ್ತು ಗಂಟೆಯಾದರೂ ಬೇಕು.