ಹ್ಯಾಂಬರ್ಗ್ ದಾಟಿದರೆ ಅಮೆರಿಕ: 'ಟ್ರಕ್ ಸ್ಟಾಪ್' ಎಂಬ ಜರ್ಮನ್ ಮೇಳದ ಕಥೆ

ಹರ್ಟ್ಸೋಗೆನಾವ್‌ರಾಕ್ ಎಂದೊಡನೆ ಜನಕ್ಕೆ ನೆನಪಾಗುವುದು ಬೂಟು. ಅಣ್ಣ ರುಡಾಲ್ಫ್ ಡಾಸ್ಲರ್, ತಮ್ಮ ಅಡಾಲ್ಫ್ ಡಾಸ್ಲರ್ ಜಗಳವಾಡಿ ಬೇರೆಯಾದದ್ದು, 1948ರಲ್ಲಿ ಅಣ್ಣನ ಪೂಮಾ, 1949ರಲ್ಲಿ ತಮ್ಮನ ಆಡಿಡಾಸ್ ಹುಟ್ಟಿದ್ದು, ನಡುವೆ ಹರಿಯುವ ಆವ್‌ರಾಕ್ ಹೊಳೆ ಇಡೀ ಊರನ್ನು ಎರಡು ಪಕ್ಷ ಮಾಡಿದ್ದು... ಈ ದಾಯಾದಿ ಕಲಹವನ್ನು ಭಾರತದಿಂದ ಬಂದ ಪ್ರತಿ ನೆಂಟರಿಗೂ ನಾವಿಲ್ಲಿನ ಕನ್ನಡಿಗರು ಒಪ್ಪಿಸಿದ್ದಾಗಿದೆ. ಆದ್ದರಿಂದ ಅದು ಈಗ ಬೇಡ. ಈ ಸಲ ಬೂಟು ಬಿಟ್ಟು ಹಾಡಿನ ಕಡೆ ಹೋಗೋಣ.

ಆಡಿಡಾಸ್‌ನ ಮುಖ್ಯ ಕಚೇರಿ ಇರುವ ಜಾಗಕ್ಕೆ ಇಂದಿಗೂ 'ಹರ್ಟ್ಸೊ ಬೇಸ್' ಎಂಬ ಹೆಸರು ಉಳಿದಿದೆ. ಅದು ಮೊದಲು ಜರ್ಮನ್ ವಾಯುಪಡೆಯ ವಿಮಾನ ನಿಲ್ದಾಣ. ಯುದ್ಧದಲ್ಲಿ ಸೋತ ಮೇಲೆ, 1945ರಿಂದ 1992ರವರೆಗೆ, ಅಮೆರಿಕದ ಸೇನೆಯ ನೆಲೆ. ಶೀತಲ ಸಮರದ ಮೊದಲ ದಶಕಗಳಲ್ಲಿ ಇಲ್ಲಿದ್ದ ಸೈನಿಕರ ಉದ್ಯೋಗ ಗುಂಡು ಹಾರಿಸುವುದಲ್ಲ, ಕೇಳುವುದು! ಪೂರ್ವದ ಕಡೆಯಿಂದ ಬರುವ ರೇಡಿಯೋ ಸಂದೇಶಗಳಿಗೆ ಹಗಲೂ ರಾತ್ರಿ ಕಿವಿಗೊಟ್ಟು ಕೂರುವುದು. ಪಾಳಿ ಮುಗಿದ ಮೇಲೆ ಆ ಕಿವಿಗಳಿಗೂ ಏನಾದರೂ ಹಿತವಾದದ್ದು ಬೇಕಲ್ಲ? ಅದಕ್ಕೆ ಇದ್ದದ್ದು ಅಮೆರಿಕನ್ ಸೈನಿಕರ ರೇಡಿಯೋ, ಎಎಫ್‌ಎನ್. ನಮ್ಮ ಪಕ್ಕದ ನ್ಯೂರೆಂಬರ್ಗ್‌ನಲ್ಲೂ ಅದರ ಕೇಂದ್ರವಿತ್ತು. ಸೈನಿಕರಿಗೆಂದು ಬಿತ್ತರಿಸಿದ ಹಾಡನ್ನು ಬೇಲಿಯಾಚೆಯ ಜರ್ಮನ್ ಹುಡುಗರೂ ಕದ್ದು ಕೇಳುತ್ತಿದ್ದರು. ಬೇಲಿ ಮನುಷ್ಯರನ್ನು ತಡೆಯುತ್ತದೆ, ರೇಡಿಯೋ ಅಲೆಯನ್ನು ತಡೆಯುವುದಿಲ್ಲ.

ಇಂಥದ್ದೇ ಕಿವಿಗೊಡುವ ಕೆಲಸಕ್ಕೆ ಬವೇರಿಯಾದ ಇನ್ನೊಂದು ಊರು ಲಾಂಡ್ಸ್‌ಬರ್ಗ್‌ಗೆ 1951ರಲ್ಲಿ ಹತ್ತೊಂಬತ್ತರ ಒಬ್ಬ ಹುಡುಗ ಬಂದ. ಅಮೆರಿಕದ ಅರ್ಕನ್ಸಾದ ಹತ್ತಿ ಹೊಲದಲ್ಲಿ ಬೆಳೆದವನು, ರಷ್ಯನ್ನರ ಮೋರ್ಸ್ ಸಂದೇಶ ಬರೆದುಕೊಳ್ಳುವುದರಲ್ಲಿ ನಿಪುಣ. ಅಲ್ಲಿ ಒಂದು ಗಿಟಾರು ಕೊಂಡ, ಜೊತೆಯ ಸೈನಿಕರನ್ನು ಸೇರಿಸಿ 'ಲಾಂಡ್ಸ್‌ಬರ್ಗ್ ಬಾರ್ಬೇರಿಯನ್ಸ್' ಎಂಬ ಪುಟ್ಟ ಮೇಳ ಕಟ್ಟಿದ. 1954ರಲ್ಲಿ ಸೇನೆ ಬಿಟ್ಟು ಮನೆಗೆ ಹೋದ. ಅವನೇ ಜಾನಿ ಕ್ಯಾಶ್. ಅಮೆರಿಕದ ಕಂಟ್ರಿ ಸಂಗೀತದ ಮಹಾನುಭಾವರಲ್ಲೊಬ್ಬರು ತಮ್ಮ ಮೊದಲ ಮೇಳವನ್ನು ಕಟ್ಟಿದ್ದು ಜರ್ಮನಿಯಲ್ಲಿ!

ಕಂಟ್ರಿ ಎಂದರೆ ಏನೆಂದು ಕೇಳುವವರಿಗೆ ಒಂದು ಮಾತು. ಅಮೆರಿಕದ ದಕ್ಷಿಣದ ಹಳ್ಳಿಗರ ಹಾಡಿದು. 1920ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗೆ ಇಳಿಯಿತು. ಪಿಟೀಲು, ಗಿಟಾರು, ಬ್ಯಾಂಜೊ. ಬಡತನ, ಬಿಟ್ಟುಹೋದ ಹೆಂಡತಿ, ಮುಗಿಯದ ದಾರಿ. ಅದರಲ್ಲೇ ಲಾರಿ ಚಾಲಕರ ಹಾಡುಗಳದ್ದೊಂದು ಕವಲು. 1963ರಲ್ಲಿ ಡೇವ್ ಡಡ್ಲಿ ಹಾಡಿದ 'ಸಿಕ್ಸ್ ಡೇಸ್ ಆನ್ ದ ರೋಡ್' ಆ ಕವಲಿನ ಹೆದ್ದಾರಿ ಎನ್ನಬಹುದು.

ಜರ್ಮನರಿಗೆ ಈ ಹಾಡು ಹಿಡಿಸಲು ರೇಡಿಯೋ ಒಂದೇ ಕಾರಣವಲ್ಲ, ಪುಸ್ತಕವೂ ಕಾರಣ. ಸಾಕ್ಸನಿಯ ನೇಕಾರನ ಮಗ ಕಾರ್ಲ್ ಮೈ (1842-1912) ಅಮೆರಿಕದ ಮೂಲನಿವಾಸಿ ನಾಯಕ 'ವಿನ್ನೆಟೂ'ವಿನ ಕಥೆಗಳನ್ನು ಬರೆದು ಲಕ್ಷಾಂತರ ಓದುಗರನ್ನು ಹುಚ್ಚೆಬ್ಬಿಸಿದ. ಅದನ್ನೆಲ್ಲ ಬರೆದಾಗ ಅವನು ಅಮೆರಿಕವನ್ನು ಕಂಡೇ ಇರಲಿಲ್ಲ. 1908ರಲ್ಲಿ, ಮುದುಕನಾದ ಮೇಲೆ ಹೋದ. ಆಗಲೂ ತನ್ನ ಕಥೆಗಳ ಪಶ್ಚಿಮವನ್ನು ಮುಟ್ಟಲಿಲ್ಲ. ಹೀಗೆ ಕಾಣದ ಕಾಡುಪಶ್ಚಿಮವೊಂದು ಜರ್ಮನರ ಮನಸ್ಸಿನಲ್ಲಿ ಮೊದಲೇ ಮನೆ ಮಾಡಿತ್ತು. ಹಾಡು ಬಂದು ಸೇರಿಕೊಂಡಿತು.

ಈಗ ಮೇಳಕ್ಕೆ ಬರೋಣ. 1973ರಲ್ಲಿ ಹ್ಯಾಂಬರ್ಗ್ ಕಡೆಯ ಕೆಲವು ಗೆಳೆಯರು 'ಟ್ರಕ್ ಸ್ಟಾಪ್' ಎಂಬ ಹೆಸರಿನಲ್ಲಿ ಕೂಡಿದರು. ಟ್ರಕ್ ಸ್ಟಾಪ್ ಎಂದರೆ ಹೆದ್ದಾರಿಯ ಪಕ್ಕ ಲಾರಿಗಳು ನಿಂತು ಚಾಲಕರು ಉಣ್ಣುವ ತಾಣ, ನಮ್ಮ ಪುಣೆ-ಬೆಂಗಳೂರು ರಸ್ತೆಯ ಢಾಬಾದ ದೊಡ್ಡಣ್ಣ. ಸಿಸ್ಕೊ ಬೆರ್ಂಟ್ ಹಾಡುಗಾರ, ಲೂಸಿಯಸ್ ರೈಶ್ಲಿಂಗ್ ಪಿಟೀಲಿನವರು, ಟೆಡ್ಡಿ ಈಬಿಂಗ್ ಡ್ರಮ್ಸ್. ತಲೆಗೆ ಕೌಬಾಯ್ ಟೋಪಿ, ಬಾಯಲ್ಲಿ ಇಂಗ್ಲಿಷ್ ಹಾಡು. ಮೊದಲ ಕೆಲವು ವರ್ಷ ಹೀಗೇ ಸಾಗಿತು. ಚೆನ್ನಾಗಿಯೇ ನುಡಿಸುತ್ತಿದ್ದರು. ಆದರೆ ಅಮೆರಿಕದವರೇ ಅಮೆರಿಕದ ಹಾಡು ಹಾಡುತ್ತಿರುವಾಗ ಹ್ಯಾಂಬರ್ಗ್‌ನವರು ಹಾಡುವ ನಕಲನ್ನು ಕೇಳುವವರೆಷ್ಟು ಜನ?

1977ರಲ್ಲಿ ಅವರು ಜರ್ಮನ್‌ನಲ್ಲಿ ಹಾಡತೊಡಗಿದರು. ಆ ವರ್ಷದ ತಟ್ಟೆಯ ಹೆಸರು 'ತ್ಸುಹೌಸೆ', ಅಂದರೆ 'ಮನೆಯಲ್ಲಿ'. ಹೆಸರೇ ಎಲ್ಲ ಹೇಳುತ್ತದೆ. ಅವರ ಅತ್ಯಂತ ಪ್ರಸಿದ್ಧ ಹಾಡು ಹುಟ್ಟಿದ್ದೂ ಈ ತಿರುವಿನಲ್ಲೇ. ಅದರ ಸನ್ನಿವೇಶ ಇಷ್ಟು: ರಾತ್ರಿ ಜರ್ಮನ್ ಹೆದ್ದಾರಿಯಲ್ಲಿ ಒಬ್ಬ ಲಾರಿ ಓಡಿಸುತ್ತಿದ್ದಾನೆ. ಅವನಿಗೆ ಡೇವ್ ಡಡ್ಲಿಯನ್ನು, ಹ್ಯಾಂಕ್ ಸ್ನೋವನ್ನು, ಚಾರ್ಲಿ ಪ್ರೈಡ್‌ನನ್ನು ಕೇಳುವ ಆಸೆ. ಆದರೆ ಎಎಫ್‌ಎನ್ ಬಲು ದೂರ.

ಈ ದೂರ ಕವಿಕಲ್ಪನೆಯಲ್ಲ, ಭೂಗೋಳ ಮತ್ತು ಭೌತಶಾಸ್ತ್ರ. ಯುದ್ಧಾನಂತರ ಬವೇರಿಯಾ, ಹೆಸ್ಸನ್ ಮುಂತಾದ ದಕ್ಷಿಣದ ಸೀಮೆಗಳು ಅಮೆರಿಕನ್ನರ ಪಾಲಿಗೆ ಬಂದವು. ಹ್ಯಾಂಬರ್ಗ್ ಬ್ರಿಟಿಷರ ಪಾಲು. ಬ್ರಿಟಿಷ್ ಸೈನಿಕರಿಗೆ ಅವರದೇ ಬೇರೆ ರೇಡಿಯೋ. ಎಎಫ್‌ಎನ್‌ನ ಬಲವಾದ ಪ್ರಸಾರಕ ಇದ್ದದ್ದು ಫ್ರಾಂಕ್‌ಫರ್ಟ್ ಬಳಿ, ಮಧ್ಯಮ ತರಂಗದ 873 ಕಿಲೋಹರ್ಟ್ಸ್‌ನಲ್ಲಿ. ಮಧ್ಯಮ ತರಂಗ ಹಗಲಿನಲ್ಲಿ ನೆಲ ಹಿಡಿದು ಸ್ವಲ್ಪ ದೂರ ಸಾಗಿ ಸೋಲುತ್ತದೆ. ರಾತ್ರಿ ಆಕಾಶದ ಮೇಲ್ಪದರಕ್ಕೆ ಬಡಿದು ಮರಳಿ, ನೂರಾರು ಕಿಲೋಮೀಟರ್ ಆಚೆಗೂ ಬೀಳುತ್ತದೆ, ಆದರೆ ಏರುತ್ತ ಇಳಿಯುತ್ತ, ಇನ್ನೊಂದು ನಿಲ್ದಾಣದ ಗದ್ದಲದಲ್ಲಿ ಬೆರೆಯುತ್ತ. ಮಲೆನಾಡಿನ ಕಣಿವೆಯಲ್ಲಿ ಧಾರವಾಡ ಆಕಾಶವಾಣಿಯನ್ನು ಹಿಡಿಯಲು ಟ್ರಾನ್ಸಿಸ್ಟರನ್ನು ಅತ್ತಿತ್ತ ತಿರುಗಿಸಿದ ಓದುಗರಿದ್ದರೆ ಅವರಿಗೆ ಆ ಚಾಲಕನ ಸಂಕಟ ವಿವರಿಸಬೇಕಿಲ್ಲ.

ನನಗೆ ಇಲ್ಲಿ ಕುತೂಹಲವೆನಿಸಿದ್ದು ಇದು. ಇಂಗ್ಲಿಷ್ ಬಿಟ್ಟವರು ಅಮೆರಿಕವನ್ನು ಬಿಡಲಿಲ್ಲ. ಗುರುಗಳ ಹೆಸರನ್ನು ಹಾಡಿನಲ್ಲೇ ಹೇಳಿ ಕೈಮುಗಿದರು, ಜೊತೆಗೆ 'ನಾವು ಅಲ್ಲಿಲ್ಲ, ಇಲ್ಲಿದ್ದೇವೆ' ಎಂದೂ ಹೇಳಿದರು. ಅಮೆರಿಕದವರು ಹಾಡಲು ಸಾಧ್ಯವೇ ಇಲ್ಲದ ಕಂಟ್ರಿ ಹಾಡು ಅದು! ನ್ಯಾಶ್‌ವಿಲ್‌ನವನಿಗೆ ಎಎಫ್‌ಎನ್ ಸಿಗದಿದ್ದರೆ ಏನು ನಷ್ಟ?

1979ರಲ್ಲಿ ಯೂರೋವಿಷನ್ ಸ್ಪರ್ಧೆಯ ಜರ್ಮನ್ ಆಯ್ಕೆಸುತ್ತಿನಲ್ಲಿ ಹಾಡಿದರು, ಗೆದ್ದದ್ದು ಬೇರೆಯವರು. 1980ರ ಅವರ ಹಾಡೊಂದು ಕಾಡುಪಶ್ಚಿಮಕ್ಕಾಗಿ ಸಾಗರ ದಾಟಬೇಕಿಲ್ಲ, ಹ್ಯಾಂಬರ್ಗ್ ದಾಟಿದರೆ ಸಾಕು ಎಂದು ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುತ್ತದೆ. ಹೆದ್ದಾರಿ ಪಕ್ಕದ ಮಾಷೆನ್ ಎಂಬ ಊರಿನ ಧ್ವನಿಮುದ್ರಣ ಶಾಲೆಯೂ ಅದರಲ್ಲಿ ಬರುತ್ತದೆ. ಮಾಷೆನ್ ಎಂದರೆ ಕಾಡೂ ಅಲ್ಲ, ಮರುಭೂಮಿಯೂ ಅಲ್ಲ. 1977ರಲ್ಲೇ ಯೂರೋಪಿನ ಅತಿ ದೊಡ್ಡ ಗೂಡ್ಸ್ ರೈಲು ಯಾರ್ಡ್ ತೆರೆದ ಊರು. 1986ರಲ್ಲಿ ಹ್ಯಾಂಬರ್ಗ್ ಪೊಲೀಸರ ಧಾರಾವಾಹಿ 'ಗ್ರೋಸ್‌ಸ್ಟಾಟ್‌ರೆವಿಯರ್' ಟೀವಿಯಲ್ಲಿ ಆರಂಭವಾಯಿತು. ಅದರ ಶೀರ್ಷಿಕೆ ಗೀತೆ ಟ್ರಕ್ ಸ್ಟಾಪ್‌ನದು. ಕಂಟ್ರಿ ಎಂದರೇನೆಂದು ಅರಿಯದ ಜರ್ಮನ್ ಅಜ್ಜಿಯರಿಗೂ ಅದು ಬಾಯಿಪಾಠ.

ಹಳಬರು ಒಬ್ಬೊಬ್ಬರಾಗಿ ಹೋದರು. ರೈಶ್ಲಿಂಗ್ 2013ರಲ್ಲಿ, ಬೆರ್ಂಟ್ 2014ರಲ್ಲಿ ತೀರಿಕೊಂಡರು. ಹೊಸ ಕೊರಳುಗಳು ಬಂದವು, ಮೇಳ ನಿಲ್ಲಲಿಲ್ಲ. 2023ಕ್ಕೆ ಐವತ್ತು ತುಂಬಿತು. ಇವರ ಹಾಡೆಲ್ಲ ಅಪರಂಜಿ ಎನ್ನಲಾರೆ. ಕೆಲವು ಬರೀ ಪ್ರಾಸದ ಚಟಾಕಿ. ಶುದ್ಧ ಕಂಟ್ರಿ ಪ್ರಿಯರಿಗೆ ಇದು ಟೋಪಿ ಹಾಕಿಕೊಂಡ ಜರ್ಮನ್ ಲಘುಗೀತೆ ಅನ್ನಿಸಿದರೆ ಅದರಲ್ಲಿ ಸುಳ್ಳೇನಿಲ್ಲ. ಹೋಲಿಕೆಗೆ ಇನ್ನೊಂದು ಹ್ಯಾಂಬರ್ಗ್ ಮೇಳ ನೋಡಿ: 'ಟೆಕ್ಸಸ್ ಲೈಟ್ನಿಂಗ್'. 2006ರಲ್ಲಿ ಇಂಗ್ಲಿಷ್ ಹಾಡೊಂದರಿಂದ ಜರ್ಮನಿಯ ಪಟ್ಟಿಯ ತುದಿಗೇರಿ, ಅಥೆನ್ಸ್‌ನ ಯೂರೋವಿಷನ್‌ಗೂ ಹೋಗಿ ಬಂತು. ಒಳ್ಳೆಯ ಹಾಡದು. ಆದರೆ ಅದರ ಮೆರೆದಾಟ ಕೆಲವೇ ವರ್ಷ. ಭಾಷೆಯೊಂದೇ ಇದಕ್ಕೆ ಕಾರಣವೆಂದರೆ ಅತಿಯಾದೀತು. ಭಾಷೆಗೂ ಅದರಲ್ಲಿ ಪಾಲಿದೆ ಎಂದರೆ ತಪ್ಪಾಗದು.

ಸಾಹಿತ್ಯದ ಬಳಗದಲ್ಲಿ ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ತಂದಾಗ ಮಾಡಿದ್ದೂ ಇದೇ ಕೆಲಸವಲ್ಲವೇ? ಪರರ ಮಟ್ಟು, ನಮ್ಮ ನುಡಿ. ನ್ಯೂಮನ್ 1833ರಲ್ಲಿ ಹಡಗಿನ ಮೇಲೆ ಬರೆದ, ಬೆಳಕನ್ನು ಕರೆಯುವ ಆ ಪ್ರಾರ್ಥನೆ ಕನ್ನಡದ ಮನೆಮನೆಯ ಹಾಡಾಗಿ ಎಷ್ಟು ಕಾಲವಾಯಿತು! ಅದು ಅನುವಾದವೆಂದು ಹೇಳಿದರೆ ಇಂದಿಗೂ ಕೆಲವರು ನಂಬುವುದಿಲ್ಲ.

ಹಾಗಾದರೆ ನಾವು? ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿ ಸೇರಿದಾಗ ನಮ್ಮ ಮಕ್ಕಳಿಂದ ಹಾಡಿಸುವುದು ಸಹ್ಯಾದ್ರಿಯನ್ನು, ತುಂಗೆಯನ್ನು, ಜೋಗವನ್ನು. ಹಾಡಿಸಬೇಕು, ಸಂದೇಹವಿಲ್ಲ, ಅದು ನಮ್ಮ ಎಎಫ್‌ಎನ್. ಆದರೆ ಆ ಮಕ್ಕಳು ದಿನಾ ದಾಟುವುದು ಆವ್‌ರಾಕ್ ಹೊಳೆಯನ್ನು. ಅವರಿಗೆ ಗೊತ್ತಿರುವುದು ನವೆಂಬರಿನ ನಾಲ್ಕು ಗಂಟೆಯ ಕತ್ತಲು, ನ್ಯೂರೆಂಬರ್ಗ್ ಹೆದ್ದಾರಿಯ ಮಂಜು, ರವಿವಾರ ಮುಚ್ಚಿದ ಅಂಗಡಿ ಸಾಲು. ಇದನ್ನು ಹೇಳುವ ಕನ್ನಡ ಹಾಡು ಅವರ ಬಾಯಲ್ಲಿ ಇಲ್ಲದಿದ್ದರೆ, ಕನ್ನಡ ಅವರ ಪಾಲಿಗೆ ಅಪ್ಪ-ಅಮ್ಮನ ಊರಿನ ಭಾಷೆಯಾಗಿಯೇ ಉಳಿಯುತ್ತದೆ. ತಮ್ಮ ಬದುಕನ್ನು ಅದರಲ್ಲಿ ಹೇಳಬಹುದೆಂದು ಅವರಿಗೆ ಹೊಳೆಯುವುದೇ ಇಲ್ಲ.

ಹ್ಯಾಂಬರ್ಗ್‌ನ ಆ ಗೆಳೆಯರು ದೂರದ ರೇಡಿಯೋ ಸಿಗಲಿಲ್ಲವೆಂಬ ಕೊರಗನ್ನೇ ಹಾಡು ಮಾಡಿ ಐವತ್ತು ವರ್ಷ ಬಾಳಿದರು. ನಮ್ಮ ಬಳಗದಲ್ಲಿ ಕವಿಗಳಿಗೇನೂ ಕೊರತೆಯಿಲ್ಲ. ಮುಂದಿನ ಸಂಚಿಕೆಗೆ ಆವ್‌ರಾಕ್ ಹೊಳೆಯ ಮೇಲೆ, ಮಕ್ಕಳ ಬಾಯಲ್ಲಿ ನಿಲ್ಲುವಂಥ ನಾಲ್ಕು ಸಾಲು ಯಾರು ಬರೆಯುತ್ತೀರಿ? ಮಟ್ಟು ಯಾವುದಾದರೂ ಆದೀತು, ಪಿಟೀಲು ನುಡಿಸುವವರನ್ನು ಹುಡುಕೋಣ.