ಲುಲುವಿನ ಕೊಬ್ಬಿನಲ್ಲಿ ಪಿಸಿಬಿ

2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡದಲ್ಲಿ ಲುಲು ಎಂಬ ಓರ್ಕಾ ತಿಮಿಂಗಿಲದ ಕಳೇಬರ ಪತ್ತೆಯಾಯಿತು. ಸಾವಿಗೆ ಕಾರಣ ಮೈಗೆ ಸುತ್ತಿಕೊಂಡ ಮೀನುಗಾರಿಕೆಯ ಹಗ್ಗ. ಆದರೆ ಪರೀಕ್ಷಕರನ್ನು ಬೆಚ್ಚಿಬೀಳಿಸಿದ್ದು ಅದರ ಕೊಬ್ಬು. ಪ್ರತಿ ಕಿಲೋ ಕೊಬ್ಬಿನಲ್ಲಿ 957 ಮಿಲಿಗ್ರಾಂ ಪಿಸಿಬಿ! ಕಡಲ ಸಸ್ತನಿಗಳಿಗೆ 9 ಮಿಲಿಗ್ರಾಂ ದಾಟಿದರೇ ಹಾನಿ ಆರಂಭವೆಂಬುದು ವಿಜ್ಞಾನಿಗಳ ಅಂದಾಜು.

ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ಈ ರಾಸಾಯನಿಕಗಳು ಹಿಂದೆ ಟ್ರಾನ್ಸ್‌ಫಾರ್ಮರ್ ಎಣ್ಣೆ, ಬಣ್ಣ ಮೊದಲಾದವುಗಳಲ್ಲಿ ಬಳಕೆಯಾಗುತ್ತಿದ್ದವು. ಅಮೆರಿಕವು 1979ರಲ್ಲಿಯೇ ಇವುಗಳ ತಯಾರಿಕೆಯನ್ನು ನಿಷೇಧಿಸಿತು. 2004ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದವೂ ಇವುಗಳನ್ನು ಪಟ್ಟಿ ಮಾಡಿದೆ. ನಿಷೇಧವೇನೋ ಆಯಿತು, ವಿಷ ಉಳಿಯಿತು. ಇವು ಸುಲಭವಾಗಿ ವಿಘಟನೆ ಹೊಂದುವುದಿಲ್ಲ. ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಪ್ಲಾಂಕ್ಟನ್‌ನಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಓರ್ಕಾಗೆ ಸಾಗುವಾಗ ಪ್ರತಿ ಹಂತದಲ್ಲಿಯೂ ಸಾಂದ್ರತೆ ಏರುತ್ತದೆ. ತಾಯಿಯು ಹಾಲಿನ ಮೂಲಕ ತನ್ನ ವಿಷದ ದೊಡ್ಡ ಪಾಲನ್ನು ಮರಿಗೆ, ಅದರಲ್ಲೂ ಚೊಚ್ಚಲ ಮರಿಗೆ, ದಾಟಿಸಿಬಿಡುತ್ತದೆ. ಗಂಡಿಗೆ ಆ ದಾರಿಯೂ ಇಲ್ಲ.

ಕನಿಷ್ಠ 20 ವರ್ಷದ ಲುಲು ಒಮ್ಮೆಯೂ ಮರಿ ಹಾಕಿರಲಿಲ್ಲವೆಂದು ಅಂಡಾಶಯದ ಪರೀಕ್ಷೆ ಸೂಚಿಸಿತು. 1990ರ ದಶಕದಲ್ಲಿ ಅಧ್ಯಯನ ಆರಂಭವಾದಂದಿನಿಂದ ಅದರ ಗುಂಪಿನಲ್ಲಿ ಒಂದೂ ಮರಿ ಕಂಡುಬಂದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಗುಂಪಿನಿಂದ ಕಾಣಿಸಿಕೊಂಡಿರುವುದು ಜಾನ್ ಕೋ, ಅಕ್ವೇರಿಯಸ್ ಎಂಬ ಎರಡು ಗಂಡುಗಳು ಮಾತ್ರ.