ಸೈನ್ಯವಿಲ್ಲದ ನಾಡು, ಕಾನೂನಿನ ದಾರಿ: ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಲಿಕ್ಟೆನ್‌ಸ್ಟೈನ್

1920ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ್ದ ರಾಷ್ಟ್ರಗಳ ಸಂಘದ ಮುಂದೆ ಲಿಕ್ಟೆನ್‌ಸ್ಟೈನ್‌ನ ಸದಸ್ಯತ್ವದ ಅರ್ಜಿ ಬಂತು. ಪರವಾಗಿ ಬಿದ್ದದ್ದು ಒಂದೇ ಮತ, ನೆರೆಯ ಸ್ವಿಟ್ಜರ್ಲೆಂಡಿನದು, ವಿರುದ್ಧ 28. ದೇಶ ತೀರಾ ಚಿಕ್ಕದು, 1868ರಲ್ಲೇ ವಿಸರ್ಜಿಸಿದ್ದರಿಂದ ಸೈನ್ಯವೂ ಇಲ್ಲ, ಕೆಲವು ಅಧಿಕಾರಗಳನ್ನು ಬೇರೆ ದೇಶಗಳಿಗೆ ವಹಿಸಿಕೊಟ್ಟಿದೆ, ಹೀಗಿರುವಾಗ ಸದಸ್ಯ ರಾಷ್ಟ್ರದ ಹೊಣೆಯನ್ನು ಹೊರಲಾರದು ಎಂಬುದು ಸಂಘದ ವಾದವಾಗಿತ್ತು. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವೆ ಸಿಕ್ಕಿಕೊಂಡ ಈ ನಾಡಿನ ವಿಸ್ತೀರ್ಣ ಇಂದಿಗೂ 160 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 40 ಸಾವಿರ. ಆದರೆ ವಿಶ್ವಸಂಸ್ಥೆಯ ಇತ್ತೀಚಿನ ಎರಡು ಮುಖ್ಯ ಕಾನೂನು ನಿರ್ಣಯಗಳು ಹುಟ್ಟಿದ್ದು ಇದೇ ನಾಡಿನ ಮುಂದಾಳತ್ವದಲ್ಲಿ.

ತಿರಸ್ಕಾರದ ನಂತರ ದೇಶ ಸ್ವಿಟ್ಜರ್ಲೆಂಡಿನ ಆಸರೆಗೆ ಸರಿಯಿತು. 1923ರಲ್ಲಿ ಸುಂಕ ಒಪ್ಪಂದವಾಯಿತು. 1950ರಲ್ಲಿ ಅದು ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನಕ್ಕೆ ಸೇರಿಕೊಂಡಿತು. ಆದರೆ ಅಲ್ಲಿ ಗ್ವಾಟೆಮಾಲಾ ವಿರುದ್ಧ ಹೂಡಿದ ನಾಟೆಬೋಮ್ ಪ್ರಕರಣದಲ್ಲಿ 1955ರಲ್ಲಿ ಸೋತಿತು. ಲಿಕ್ಟೆನ್‌ಸ್ಟೈನ್‌ಗೂ ಅದು ಪೌರತ್ವ ಕೊಟ್ಟ ನಾಟೆಬೋಮ್ ಎಂಬ ವ್ಯಕ್ತಿಗೂ ನಿಜವಾದ ನಂಟಿಲ್ಲ ಎಂದು ನ್ಯಾಯಾಲಯ ಹೇಳಿಬಿಟ್ಟಿತು. ಪೌರತ್ವದ ಕುರಿತ ಪಾಠಗಳಲ್ಲಿ ಆ ತೀರ್ಪು ಇಂದಿಗೂ ಬರುತ್ತದೆ.

1975ರಲ್ಲಿ ಯುರೋಪಿನ ಭದ್ರತೆ, ಸಹಕಾರ ಕುರಿತ ಹೆಲ್ಸಿಂಕಿ ಅಂತಿಮ ಒಪ್ಪಂದಕ್ಕೆ ಅದು ಸಹಿ ಹಾಕಿತು. 1978ರಲ್ಲಿ ಯುರೋಪ್ ಕೌನ್ಸಿಲ್ ಸೇರಿತು. ಆಗಿನ್ನೂ ಅಲ್ಲಿನ ಮಹಿಳೆಯರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತದ ಹಕ್ಕಿರಲಿಲ್ಲ! ಮಾನವ ಹಕ್ಕುಗಳ ಕಾವಲಿಗೆಂದೇ ಇರುವ ಸಂಸ್ಥೆಯಲ್ಲಿ ಕುಳಿತ ದೇಶದ ಗಂಡಸರು ಆ ಹಕ್ಕನ್ನು ಒಪ್ಪಿದ್ದು 1984ರ ಜನಮತಗಣನೆಯಲ್ಲಿ, ಅದೂ ಕೂದಲೆಳೆಯ ಅಂತರದಲ್ಲಿ. ಈ ದೇಶವನ್ನು ಹೊಗಳುವವರು ಈ ಸಂಗತಿಯನ್ನು ಮರೆಯಬಾರದು.

1990ರ ಸೆಪ್ಟೆಂಬರ್ 18ರಂದು ಅದು ವಿಶ್ವಸಂಸ್ಥೆಯ 160ನೇ ಸದಸ್ಯನಾಯಿತು. 1992ರ ಡಿಸೆಂಬರ್ 6ರಂದು ಸ್ವಿಸ್ ಮತದಾರರು ಯುರೋಪಿಯನ್ ಆರ್ಥಿಕ ಪ್ರದೇಶವನ್ನು ತಿರಸ್ಕರಿಸಿದರೆ, ಒಂದು ವಾರದ ಬಳಿಕ ಲಿಕ್ಟೆನ್‌ಸ್ಟೈನ್‌ ಮತದಾರರು ಒಪ್ಪಿಗೆ ಕೊಟ್ಟರು. ಆಸರೆ ಕೊಟ್ಟ ನೆರೆಯವರನ್ನು ಬಿಟ್ಟು ಅವರು ಸ್ವಂತ ದಾರಿ ಹಿಡಿದದ್ದು ಆಗ. ಸುಂಕ ಒಪ್ಪಂದವನ್ನು ಹೊಂದಿಸಿಕೊಂಡು 1995ರಲ್ಲಿ ಆ ಆರ್ಥಿಕ ಪ್ರದೇಶವನ್ನು ಸೇರಿದರು.

ಇತ್ತ ಲಿಕ್ಟೆನ್‌ಸ್ಟೈನ್‌ನ ಅರಸ ಎರಡನೇ ಹಾನ್ಸ್-ಆಡಮ್ 1991ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸ್ವಯಂ ನಿರ್ಣಯದ ಹಕ್ಕಿನ ಬಗ್ಗೆ ದೊಡ್ಡ ಪ್ರಸ್ತಾಪವಿಟ್ಟರು. ಅದು ಹೆಚ್ಚು ದೂರ ಸಾಗಲಿಲ್ಲ. ಗಡಿಗಳ ಮಾತೆತ್ತಿದರೆ ಯಾವ ಸರ್ಕಾರಕ್ಕೂ ಸಹನೆಯಿರುವುದಿಲ್ಲ. ಆದರೆ ಅವರ ಕೊಡುಗೆಯಿಂದ 2000ದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಂಸ್ಥೆ ಬೇರೆಯೇ ಕೆಲಸಕ್ಕೆ ಬಂತು. ‘ಆಕ್ರಮಣದ ಅಪರಾಧ’ ಎಂದರೇನು, ಅದಕ್ಕೆ ಯಾರನ್ನು ಶಿಕ್ಷಿಸಬೇಕು ಎಂಬ ತಕರಾರಿನ ಚರ್ಚೆಗಳು ನಡೆದದ್ದು ಅಲ್ಲಿಯೇ. ಆ ಚರ್ಚೆಗಳನ್ನು ನಡೆಸಿದ ಕಾರ್ಯತಂಡದ ಅಧ್ಯಕ್ಷರಾಗಿದ್ದವರು ವಿಶ್ವಸಂಸ್ಥೆಯಲ್ಲಿ ಲಿಕ್ಟೆನ್‌ಸ್ಟೈನ್‌ನ ಕಾಯಂ ಪ್ರತಿನಿಧಿ ಕ್ರಿಸ್ಟಿಯನ್ ವೆನಾವೆಸರ್. 2010ರಲ್ಲಿ ಕಂಪಾಲಾದಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ರಾಷ್ಟ್ರಗಳ ಸಭೆ ನಡೆದಾಗ ಅಧ್ಯಕ್ಷಪೀಠದಲ್ಲಿದ್ದವರೂ ಅವರೇ. ನಡುರಾತ್ರಿ ದಾಟಿದ ಮೇಲೆ, ಆಕ್ರಮಣದ ಅಪರಾಧವನ್ನು ವಿಚಾರಿಸುವ ಅಧಿಕಾರವನ್ನು ಆ ನ್ಯಾಯಾಲಯಕ್ಕೆ ಕೊಡುವ ತಿದ್ದುಪಡಿಗೆ ಒಮ್ಮತ ಸಿಕ್ಕಿತು. ಅದನ್ನು ಅಂಗೀಕರಿಸಿದ ಮೊದಲ ದೇಶವೂ ಲಿಕ್ಟೆನ್‌ಸ್ಟೈನ್. 2018ರ ಜುಲೈ 17ರಿಂದ ಆ ಅಧಿಕಾರ ಜಾರಿಯಲ್ಲಿದೆ.

2014ರ ಮೇ 22ರಂದು ಸಿರಿಯಾದ ಯುದ್ಧಾಪರಾಧಗಳನ್ನು ಆ ನ್ಯಾಯಾಲಯಕ್ಕೆ ಒಪ್ಪಿಸುವ ಕರಡಿಗೆ ಭದ್ರತಾ ಮಂಡಳಿಯ 13 ಸದಸ್ಯರು ಮತ ಕೊಟ್ಟರೂ ರಷ್ಯಾ ಮತ್ತು ಚೀನಾ ವೀಟೊ ಹಾಕಿದವು. ಆ ಬಾಗಿಲು ಮುಚ್ಚಿದ ಮೇಲೆ 2016ರ ಡಿಸೆಂಬರ್ 21ರಂದು ಲಿಕ್ಟೆನ್‌ಸ್ಟೈನ್ ಮತ್ತು ಕತಾರ್ ಮಹಾಸಭೆಯ ಮುಂದೆ ಬೇರೊಂದು ನಿರ್ಣಯ ಇಟ್ಟವು. ನ್ಯಾಯಾಲಯ ಬೇಡ, ಸಾಕ್ಷ್ಯಗಳನ್ನು ಕಲೆಹಾಕಿ, ಜೋಪಾನ ಮಾಡಿ, ಮುಂದೆ ಯಾವ ದೇಶದ ನ್ಯಾಯಾಲಯ ಕೇಳಿದರೂ ಕೊಡಬಲ್ಲ ಕಚೇರಿಯೊಂದು ಸಾಕು ಎಂಬುದು ಅದರ ತಿರುಳು. ಪರ 105, ವಿರುದ್ಧ 15. 52 ದೇಶಗಳು ಮತದಾನದಿಂದ ದೂರ ಉಳಿದವು. ಮಹಾಸಭೆಗೆ ಇಂಥ ಅಧಿಕಾರವೇ ಇಲ್ಲ ಎಂದು ರಷ್ಯಾ ವಾದಿಸಿತು. ಆದರೂ ಜಿನೀವಾದಲ್ಲಿ ಕಚೇರಿ ನಿಂತಿತು. ಎರಡು ವರ್ಷದ ಬಳಿಕ ಮ್ಯಾನ್ಮಾರ್ ವಿಷಯದಲ್ಲೂ ಇದೇ ಮಾದರಿ ಬಂತು. ದೊಡ್ಡ ಮಾತಿಗಿಂತ ಸಣ್ಣ ಬೇಡಿಕೆ ಹೆಚ್ಚು ಕೆಲಸ ಮಾಡುತ್ತದೆಂಬುದನ್ನು ಸ್ವಯಂ ನಿರ್ಣಯದ ಹಳೆಯ ಪ್ರಸ್ತಾಪದ ಸೋಲೇ ಈ ದೇಶಕ್ಕೆ ಕಲಿಸಿರಬೇಕು.

ಹಣಕಾಸಿನ ವಿಷಯಕ್ಕೆ ಬಂದರೆ ಚಿತ್ರ ಇಷ್ಟು ಚೆನ್ನಾಗಿಲ್ಲ. ಬ್ಯಾಂಕ್ ರಹಸ್ಯದ ಮರೆಯಲ್ಲಿ ಅನ್ಯದೇಶಗಳ ತೆರಿಗೆಗಳ್ಳರಿಗೆ ನೆರಳು ಕೊಟ್ಟ ನಾಡು ಇದು. 2000ದಲ್ಲಿ, ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆಯ (FATF) ಅಸಹಕಾರಿಗಳ ಪಟ್ಟಿ ಸೇರಿತ್ತು. ಖಾತೆದಾರರ ವಿವರ ಜರ್ಮನಿಗೆ ಸೋರಿದ್ದು 2008ರಲ್ಲಿ ಬಯಲಾದ ಮೇಲೆಯೇ, 2009ರಲ್ಲಿ ಅದು ಮಾಹಿತಿ ವಿನಿಮಯದ ನಿಯಮಗಳಿಗೆ ತಲೆಬಾಗಿದ್ದು.

2022ರ ಏಪ್ರಿಲ್ 26ರಂದು ಮಹಾಸಭೆ ಲಿಕ್ಟೆನ್‌ಸ್ಟೈನ್‌ ನೇತೃತ್ವದ ಮತ್ತೊಂದು ನಿರ್ಣಯವನ್ನು ಮತದಾನವಿಲ್ಲದೆ ಒಪ್ಪಿತು. ಭದ್ರತಾ ಮಂಡಳಿಯಲ್ಲಿ ಯಾರಾದರೂ ವೀಟೊ ಹಾಕಿದರೆ 10 ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದರ ಬಗ್ಗೆ ಚರ್ಚಿಸಬೇಕು. ವೀಟೊ ಹಾಗೆಯೇ ಉಳಿಯಿತು. ಹಾಕಿದವರಿಗೆ ಎಲ್ಲ ದೇಶಗಳ ಮುಂದೆ ಕಾರಣ ಹೇಳುವ ವೇದಿಕೆ ಸಿದ್ಧವಾಯಿತು. ಆದರೆ ಭಾರತ ಈ ಕರಡನ್ನು ಎಲ್ಲರನ್ನೂ ಒಳಗೊಂಡು ರೂಪಿಸಲಿಲ್ಲ ಎಂದು ಆಕ್ಷೇಪಿಸಿತು. ಭದ್ರತಾ ಮಂಡಳಿಯ ಸುಧಾರಣೆಗೆ ದಶಕಗಳಿಂದ ಕಾದಿರುವ ದೇಶಕ್ಕೆ ಈ ಬಿಡಿ ಹೆಜ್ಜೆ ಸಾಲದೆನಿಸುವುದು ಸಹಜ. ಆದರೆ ಆ ಸುಧಾರಣೆ ಬರುವವರೆಗೆ ಇಷ್ಟಾದರೂ ಇರಲಿ ಎಂಬುದೇ ನನಗೆ ಸರಿ ಕಾಣುತ್ತದೆ. ಉತ್ತರ ಕೊರಿಯಾ ಕುರಿತ ಕರಡಿಗೆ ಚೀನಾ, ರಷ್ಯಾ ಹಾಕಿದ ವೀಟೊ ಬಗ್ಗೆ 2022ರ ಜೂನ್ 8ರಂದು ಮೊದಲ ಚರ್ಚೆ ನಡೆಯಿತು. ಈ ನಿರ್ಣಯವನ್ನು ಬೆಂಬಲಿಸಿದ್ದ ಅಮೆರಿಕ ಮುಂದೆ ಗಾಜಾ ವಿಷಯದಲ್ಲಿ ವೀಟೊ ಬಳಸಿದಾಗ, ಅದೂ ಇದೇ ನಿಯಮದಡಿ ಮಹಾಸಭೆಯ ಚರ್ಚೆಯನ್ನು ಎದುರಿಸಬೇಕಾಯಿತು.